ನಾಲ್ಕನೆಯ ಆಕ್ಷೇಪಣೆ

ಮದರಾಸಿನ ಪೇಟೆಂಟ್ ಕಚೇರಿಯಿಂದ ಬಂದ ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಮಡಿಕೆಗಳು ಹರಿದಿವೆ, ಒಂದು ಮೂಲೆಗೆ ಗ್ರೀಸಿನ ಕಲೆ. ಅಂಚೆಯವನು ಅದನ್ನು ಅಂಗಡಿಗೆ ತಂದುಕೊಟ್ಟ ಎಂದು ನನ್ನ ನೆನಪು. ಅವನು ಮನೆಗೆ ತಂದಿದ್ದ, ಅಲ್ಲಿಂದ ಅಂಗಡಿಗೆ ತಂದುಕೊಟ್ಟವಳು ತಾನು ಎನ್ನುತ್ತಾಳೆ ನನ್ನ ಹೆಂಡತಿ. ಇಂಥ ತಕರಾರು ಈ ಬರಹದಲ್ಲಿ ಇನ್ನೂ ಬರುತ್ತದೆ. ಕಾಗದದಲ್ಲಿ ಇರುವುದನ್ನು ನಂಬಬಹುದು. ನಾನು ಹೇಳುವುದನ್ನು ನೋಡಿಕೊಂಡು ನಂಬಬೇಕು.

ಚನ್ನಗಿರಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಎಪ್ಪತ್ತರ ದಶಕದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಹೆಚ್ಚಿದ ಹಾಗೆ ಸುಟ್ಟ ಮೋಟರುಗಳೂ ಹೆಚ್ಚಿದವು. ಗಾಡಿಯಲ್ಲಿ ಹೇರಿಕೊಂಡು ತರುತ್ತಿದ್ದರು. ಸುಡುವುದಕ್ಕೆ ಒಂದು ಕಾರಣ, ಕಡ್ಡಿ. ಸ್ಟಾರ್ಟರಿನ ಗುಣವೇನೆಂದರೆ ಕರೆಂಟು ಹೋದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಮತ್ತೆ ಬಂದಾಗ ಯಾರಾದರೂ ಹೋಗಿ ಹಸಿರು ಗುಂಡಿ ಒತ್ತಬೇಕು. ಗದ್ದೆಯ ಆ ತುದಿಗೆ ದಿನಕ್ಕೆ ಹತ್ತು ಸಲ ಯಾರು ನಡೆಯುತ್ತಾರೆ? ಗುಂಡಿ ಮೇಲೆ ಬರದ ಹಾಗೆ ಒಂದು ಬಿದಿರು ಕಡ್ಡಿ ಸಿಕ್ಕಿಸಿ ಬಿಡುವುದು ನಮ್ಮ ಕಡೆಯ ರೂಢಿ. ಕರೆಂಟು ಬಂದ ಕ್ಷಣ ಮೋಟರು ತಾನೇ ಹೊರಡುತ್ತದೆ. ಮೂರರ ಬದಲು ಎರಡೇ ಫೇಸು ಬಂದರೆ ತಿರುಗಲಾರದೆ ಗುಂಯ್‌ಗುಟ್ಟಿ ಸುಡುತ್ತದೆ. ಮೂರೂ ಬಂದರೆ, ಪಂಪಿನ ಹತ್ತಿರ ಯಾರದೇ ಕೈ ಇದ್ದರೂ ತಿರುಗುತ್ತದೆ. ಅಂಥ ಒಂದು ಕೈಯನ್ನು ನಾನು ಕತ್ತಲಗೆರೆಯ ಹತ್ತಿರ ನೋಡಿದ್ದೆ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ: ಬಳೆ ಒಡೆದಿರಲಿಲ್ಲ.

ಅದಕ್ಕೇ ನಾನು ಡಬ್ಬಿ ಮಾಡಿದ್ದು. ಅದರೊಳಗೆ ಥೈರಿಸ್ಟರ್ ಎಂಬ ಮೂರು ಕಾಲಿನ ಸ್ವಿಚ್ಚುಗಳು. ಎರಡು ಕಾಲುಗಳ ನಡುವೆ ಮೋಟರಿನ ಕರೆಂಟು ಹರಿಯುತ್ತದೆ. ಮೂರನೆಯದಕ್ಕೆ ಗೇಟ್ ಎನ್ನುತ್ತಾರೆ. ಗೇಟಿಗೆ ಸಣ್ಣದಾಗಿ ತಟ್ಟುತ್ತಾ ಇದ್ದರೆ ಕರೆಂಟು ಹರಿಯುತ್ತದೆ, ತಟ್ಟುವುದು ನಿಂತರೆ ನಿಲ್ಲುತ್ತದೆ. ಆ ತಟ್ಟುವ ಸರ್ಕ್ಯೂಟು ನನ್ನದು. ಹಸಿರು ಗುಂಡಿ ಒತ್ತಿದರೆ ತಟ್ಟಲು ಶುರು. ಕೆಂಪು ಒತ್ತಿದರೆ, ಇಲ್ಲವೆ ಕರೆಂಟು ಹೋದರೆ, ಬಂದ್. ಮತ್ತೆ ಮನುಷ್ಯನೇ ಬಂದು ಒತ್ತುವವರೆಗೆ ಹೊರಡುವುದಿಲ್ಲ. ಕಡ್ಡಿ ಸಿಕ್ಕಿಸಲು ಅದರಲ್ಲಿ ಸಂದೇ ಇರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದೆ. ಹನ್ನೊಂದು ಪುಟದ ವಿವರಣೆ, ಮೂರು ಹಾಳೆ ನಕ್ಷೆ. ನನ್ನ ಇಂಗ್ಲಿಷನ್ನು ಹೈಸ್ಕೂಲಿನ ನಿವೃತ್ತ ಮೇಷ್ಟ್ರು ತಿದ್ದಿಕೊಟ್ಟರು. ಉತ್ತರ ಬರುವ ಹೊತ್ತಿಗೆ ನಾಲ್ಕು ಡಬ್ಬಿ ಮಾಡಿದ್ದೆ. ಒಂದು ಚನ್ನಗಿರಿಯ ಅಂಗಡಿಯಲ್ಲಿ, ಒಂದು ಹೊನ್ನಾಳಿಯಲ್ಲಿ, ಒಂದು ನ್ಯಾಮತಿಯಲ್ಲಿ. ನಾಲ್ಕನೆಯದು ಜಗಳೂರಿನ ಹತ್ತಿರದ ಹಳ್ಳಿಯಲ್ಲಿ, ನನ್ನ ಷಡ್ಡಕನ ಬಾವಿಯ ಮೇಲೆ. ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ.

ಕಾಗದದಲ್ಲಿ ನಾಲ್ಕು ಆಕ್ಷೇಪಣೆಗಳಿದ್ದವು. ಒಂದು, ನಕ್ಷೆಯ ಹಾಳೆಗಳ ಅಂಚು ಸಾಲದು. ಎರಡು, ಐದನೆಯ ಪುಟದಲ್ಲಿ ಒಂದು ಭಾಗಕ್ಕೆ ಎರಡು ಹೆಸರು ಕೊಟ್ಟಿದ್ದೀರಿ. ಮೂರು, ಇದನ್ನು ಹೋಲುವ ಒಂದು ವಿದೇಶಿ ಪೇಟೆಂಟು ಇದೆ, ನಿಮ್ಮದರಲ್ಲಿ ಹೊಸದೇನೆಂದು ತೋರಿಸಿ. ಮೂರನೆಯದನ್ನು ಓದಿದಾಗ ಭಯವಾಯಿತು. ಅದು ಮರ್ಯಾದೆಯ ಭಯ, ಬಹಳ ಹೊತ್ತು ನಿಲ್ಲಲಿಲ್ಲ. ನಾಲ್ಕನೆಯದು ಎರಡೇ ಸಾಲು. ಕರೆಂಟು ಸ್ವಲ್ಪ ಹೊತ್ತು ಮಾತ್ರ ನಿಂತು ಮರಳಿದರೆ ಗೇಟಿನ ಸ್ಥಿತಿ ಏನಿರುತ್ತದೆ ಎಂಬುದನ್ನು ಅರ್ಜಿದಾರರು ವಿವರಿಸಿಲ್ಲ, ವಿವರಣೆ ಸಾಲದು.

ಕೆಳಗೆ ಪರೀಕ್ಷಕರ ರುಜು. ಓದಲು ಬರುವುದಿಲ್ಲ. ಆ ಮನುಷ್ಯ ನಮ್ಮ ಕಡೆಯ ಪಂಪ್‌ಸೆಟ್ಟನ್ನು ನೋಡಿರಲಾರರು. ಮೇಜಿನ ಮುಂದೆ ಕೂತು ನಕ್ಷೆಯ ಮೇಲೆ ಬೆರಳಿಟ್ಟು ಹೋಗುತ್ತಾ ಒಂದು ಕಂಡೆನ್ಸರಿನ ಹತ್ತಿರ ಬೆರಳು ನಿಂತಿರಬೇಕು. ಒಂದಿಷ್ಟು ಕರೆಂಟನ್ನು ತುಂಬಿಟ್ಟುಕೊಂಡು, ಹಸಿರು ಗುಂಡಿ ಒತ್ತಿದ್ದನ್ನು ನೆನಪಿಟ್ಟುಕೊಳ್ಳುವ ಕಂಡೆನ್ಸರು ಅದು. ಕರೆಂಟು ಹೋದರೆ ಅದು ಖಾಲಿಯಾಗುತ್ತದೆ, ನೆನಪು ಅಳಿಯುತ್ತದೆ, ಸರಿ. ಎಷ್ಟು ಹೊತ್ತಿಗೆ?

ಅದನ್ನು ನಾನು ನೋಡಿರಲೇ ಇಲ್ಲ. ನೂರಾರು ಸಲ ಪರೀಕ್ಷೆ ಮಾಡಿದ್ದೇನೋ ನಿಜ. ಪ್ರತಿ ಸಲವೂ ಸ್ವಿಚ್ಚು ಆರಿಸಿ, ಎದುರು ಹೋಟೆಲಿಗೆ ಹೋಗಿ ಟೀ ಕುಡಿದು, ನಾಲ್ಕು ಮಾತಾಡಿ, ಬಂದು ಹಾಕುತ್ತಿದ್ದೆ. ಮೋಟರು ಹೊರಡುತ್ತಿರಲಿಲ್ಲ. ಕರೆಂಟು ಹೋಗುವುದೆಂದರೆ ಟೀ ಕುಡಿದು ಬರುವಷ್ಟು ಹೊತ್ತು ಎಂದು ನನ್ನ ತಲೆ ತಾನೇ ತೀರ್ಮಾನಿಸಿಕೊಂಡಿತ್ತು.

ಅಂಗಡಿಯ ಡಬ್ಬಿಗೆ ಮೋಟರು ಕಟ್ಟಿಯೇ ಇತ್ತು. ಹಸಿರು ಒತ್ತಿದೆ. ತಿರುಗಿತು. ಮೇನ್ ಸ್ವಿಚ್ಚು ಆರಿಸಿ ಹತ್ತು ಎಣಿಸಿ ಹಾಕಿದೆ. ಗುಂಡಿ ಮುಟ್ಟದೆ ತಿರುಗಿತು. ಐವತ್ತು ಎಣಿಸಿದೆ. ತಿರುಗಿತು. ಇನ್ನೂರು ಎಣಿಸುವಾಗ ತುಟಿ ಒಣಗಿತ್ತು. ತಿರುಗಿತು. ಮುನ್ನೂರಕ್ಕೆ ಒಂದು ಸಲ ತಿರುಗಿತು, ಒಂದು ಸಲ ಇಲ್ಲ. ಮುನ್ನೂರೈವತ್ತಕ್ಕೆ ಸುಮ್ಮನಿತ್ತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಯಾಕ್ರೀ ಹಿಂಗೆ ಕುಂತೀರಿ? ಕಾಗದದಾಗೆ ಇಲ್ಲ ಅಂದಾರಾ?"

"ಅದಲ್ಲ. ಇದು ತಾನೇ ಹೊರಡತೈತೆ."

"ಯಾವುದು?"

"ಡಬ್ಬಿ. ಕರೆಂಟು ಹೋಗಿ ಐದು ನಿಮಿಷದೊಳಗೆ ಬಂದ್ರೆ ತಾನೇ ಹೊರಡತೈತೆ."

ಅವಳು ಮೋಟರನ್ನು ನೋಡಿದಳು, ನನ್ನನ್ನು ನೋಡಿದಳು. "ನನ್ನ ತಂಗಿ ಮನೇದೂ ಇದೇನಾ?"

ಇದೇ. ಆ ಬಾವಿಯ ವಿಷಯ ಇಬ್ಬರಿಗೂ ಗೊತ್ತಿತ್ತು. ಅಲ್ಲಿ ನೀರು ಆಳಕ್ಕೆ ಇಳಿದಿದ್ದರಿಂದ ಪಂಪನ್ನೂ ಮೋಟರನ್ನೂ ಬಾವಿಯ ಒಳಗೇ, ಅರ್ಧ ಆಳದ ಕಟ್ಟೆಯ ಮೇಲೆ ಕೂರಿಸಿದ್ದರು. ಡಬ್ಬಿ ಮಾತ್ರ ಮೇಲೆ, ತಗಡಿನ ಶೆಡ್ಡಿನಲ್ಲಿ. ಪಂಪಿನ ಗ್ಲಾಂಡು ಸದಾ ಸೋರುತ್ತಿತ್ತು. ತಿರುಗುವ ಶಾಫ್ಟಿನ ಸುತ್ತ ನೂಲಿನ ದಾರ ಸುತ್ತಿ ಬಿಗಿಮಾಡುವ ಜಾಗ ಅದು. ನಮ್ಮ ಜನ ಇಂಥ ರಿಪೇರಿಗೆಂದು ನಡೆಯುತ್ತಿರುವ ಮೋಟರನ್ನು ನಿಲ್ಲಿಸುವುದಿಲ್ಲ. ಕರೆಂಟು ಹೋಗಲಿ ಎಂದು ಕಾಯುತ್ತಾರೆ, ಹೋದ ತಕ್ಷಣ ಸ್ಪಾನರು ಹಿಡಿದು ಇಳಿಯುತ್ತಾರೆ. ಅಂದರೆ ಕೈ ಒಳಗೆ ಹೋಗುವುದು ಸರಿಯಾಗಿ ಆ ಮೊದಲ ಐದು ನಿಮಿಷಗಳಲ್ಲಿ. ಡಬ್ಬಿ ಕೂರಿಸಿದ ದಿನ ನಾನು ಷಡ್ಡಕನಿಗೆ ಹೇಳಿದ್ದೆ: "ಇನ್ನು ಕಡ್ಡಿ ಭಯ ಇಲ್ಲ. ಕರೆಂಟು ಹೋತು ಅಂದ್ರೆ ಧೈರ್ಯವಾಗಿ ಕೈ ಹಾಕು." ಬೇರೆ ಯಾವ ಮಾತಿನ ಬಗ್ಗೆ ಅನುಮಾನವಿದ್ದರೂ ಈ ಮಾತಿನ ಬಗ್ಗೆ ಇಲ್ಲ.

ಮೊದಲು ಜಗಳೂರಿಗೇ ಹೋಗಬೇಕಿತ್ತು. ಯಾಕೆ ಹೋಗಲಿಲ್ಲ ಎಂದು ಕೇಳಿಕೊಂಡಾಗಲೆಲ್ಲ ಬೇರೆ ಬೇರೆ ಉತ್ತರ ಸಿಗುತ್ತದೆ. ದಾವಣಗೆರೆಯ ಬಸ್ಸು ಹೋಗಿಬಿಟ್ಟಿತ್ತು. ಹೊನ್ನಾಳಿಯ ಬಸ್ಸು ಎದುರಿಗೇ ನಿಂತಿತ್ತು. ಇವೆರಡೂ ಆಮೇಲೆ ಜೋಡಿಸಿದವು ಇರಬಹುದು. ನಿಜವಾದ ಕಾರಣ ತಂತಿ. ಅಂಚೆ ಕಚೇರಿಗೆ ಹೋಗಿ ಷಡ್ಡಕನಿಗೆ ಒಂದು ತಂತಿ ಕೊಟ್ಟೆ. ಡಬ್ಬಿ ಅಪಾಯ, ಮುಟ್ಟಬೇಡ, ಬರುತ್ತಿದ್ದೇನೆ. ಅಷ್ಟೇ ಪದಗಳು, ಇಂಗ್ಲಿಷಿನಲ್ಲಿ. ಕೊಟ್ಟ ಮೇಲೆ ಅರ್ಧ ಜೀವ ಬಂದ ಹಾಗಾಯಿತು. ಅವನಿಗೆ ಹೇಳಿ ಆಯಿತಲ್ಲ, ಹತ್ತಿರದವುಗಳನ್ನು ಮೊದಲು ಬಿಚ್ಚೋಣ ಎಂದುಕೊಂಡು ಹೊನ್ನಾಳಿಯ ಬಸ್ಸು ಹತ್ತಿದೆ.

ಹೊನ್ನಾಳಿಯಲ್ಲಿ ಡಬ್ಬಿ ಇದ್ದದ್ದು ಹೊಳೆದಂಡೆಯ ಭತ್ತದ ಗದ್ದೆಯಲ್ಲಿ. ಯಜಮಾನರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ನಾನು ತಂತಿ ಬಿಚ್ಚುವುದನ್ನು ಬೇಸರದಿಂದ ನೋಡುತ್ತಾ ನಿಂತಿದ್ದರು.

"ಚೆನ್ನಾಗಿ ನಡಿಯೋದನ್ನ ಯಾಕ್ರೀ ಬಿಚ್ತೀರಿ ಮೇಸ್ತ್ರಿ? ಬೆಚ್ಚಗಿರತೈತೆ ಅಂತ ನಮ್ಮ ಬೆಕ್ಕು ಅದರ ಮ್ಯಾಲೇ ಮಲಗತೈತೆ. ಅದಕ್ಕೇನು ಹೇಳಲಿ?"

"ಒಂದು ವಾರ ಬಿಟ್ಟು ತಂದುಕೊಡ್ತೀನಿ ಯಜಮಾನ್ರೆ. ಇದು ಯಾವತ್ತಾದ್ರೂ ತಾನೇ ಹೊರಟಿತ್ತಾ?"

"ಇಲ್ಲಪ್ಪ. ನಮ್ಮ ಲೈನಿನಾಗೆ ಕರೆಂಟು ಹೋದ್ರೆ ಹೊತ್ತು ಮುಳುಗಿದ ಮ್ಯಾಲೇ ಬರೋದು. ಒಂದು ವಾರ ಅಂದ್ರಲ್ಲ, ನನ್ನ ಸೊಸೆ ತವರಿಗೆ ಹೋಗುವಾಗಲೂ ಹಿಂಗೇ ಹೇಳಿ ಹೋಗ್ತಾಳೆ."

ಅವರ ಮಾತಿನಿಂದ ಭಯ ಕೊಂಚ ಇಳಿಯಿತು. ನ್ಯಾಮತಿಯವರೆಗೆ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಡಿಯ ಒಂದು ಡಬ್ಬಿಯಲ್ಲಿ ಮಾತ್ರ ಕಂಡೆನ್ಸರು ಹಾಗಿದೆಯೇನೋ ಎಂದು ನನಗೆ ನಾನೇ ಹೇಳಿಕೊಂಡೆ. ಒಂದೇ ಪೊಟ್ಟಣದಿಂದ ತೆಗೆದ ಕಂಡೆನ್ಸರುಗಳು ಎಂಬುದು ಗೊತ್ತಿದ್ದೂ ಹೇಳಿಕೊಂಡೆ.

ನ್ಯಾಮತಿಯಲ್ಲಿ ಹೊಲ ನೋಡಿಕೊಳ್ಳುತ್ತಿದ್ದವಳು ಒಬ್ಬ ಹೆಣ್ಣುಮಗಳು. ಅವಳನ್ನೂ ಅದೇ ಪ್ರಶ್ನೆ ಕೇಳಿದೆ.

"ಹೂಂ, ಹೊರಡತೈತೆ ಅಣ್ಣಾರೆ. ಕರೆಂಟು ಹಿಂಗೆ ಹೋಗಿ ಹಂಗೆ ಬಂದ್ರೆ ತಾನೇ ಹೊರಡತೈತೆ. ನೀವು ಕೂರಿಸಿ ಹೋದ ವಾರದಿಂದ್ಲೇ."

"ಮತ್ತೆ ನನಗ್ಯಾಕೆ ಹೇಳಿ ಕಳಿಸಲಿಲ್ಲ?"

"ಕೆಟ್ಟಿದ್ರೆ ಹೇಳಿ ಕಳಿಸ್ತಿದ್ವಿ. ಕಡ್ಡಿ ಸಿಗಿಸೋ ಕೆಲಸಾನೂ ತಪ್ಪಿಸ್ಯಾರೆ, ಭಾರಿ ತಲೆ ಐತೆ ಅಂತ ನಿಮ್ಮನ್ನ ಹೊಗಳ್ತಿದ್ವಿ."

ನಾನು ಏನನ್ನು ತಪ್ಪಿಸಲೆಂದು ಡಬ್ಬಿ ಮಾಡಿದ್ದೆನೋ ಅದನ್ನೇ ಅದು ಮಾಡುತ್ತಿತ್ತು, ಅದು ಅವರಿಗೆ ಇಷ್ಟವಾಗಿತ್ತು, ಆದ್ದರಿಂದ ಯಾರೂ ದೂರಿರಲಿಲ್ಲ. ಕಡ್ಡಿಯಾದರೆ ಕಣ್ಣಿಗೆ ಕಾಣುತ್ತದೆ. ಪಂಪಿಗೆ ಕೈ ಹಾಕುವ ಮೊದಲು ಅದನ್ನು ಕೀಳಬೇಕೆಂದು ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ಕಡ್ಡಿ ಡಬ್ಬಿಯ ಒಳಗಿತ್ತು. ಅವಳು ತಂದುಕೊಟ್ಟ ನೀರಿನ ಚೊಂಬನ್ನು ಕೆಳಗಿಟ್ಟು ಡಬ್ಬಿಯ ಸ್ಕ್ರೂ ಸಡಿಲಿಸತೊಡಗಿದೆ.

"ಬಿಸಿಲಿನಾಗೆ ಬಂದೀರಿ, ಕುಂತ್ಕೊಳ್ರಿ ಅಣ್ಣಾರೆ," ಎಂದಳು.

ಕೂರಲಿಲ್ಲ. ಡಬ್ಬಿ ಬಿಚ್ಚಿಕೊಂಡು ಹೊನ್ನಾಳಿಗೆ ವಾಪಸು ಬರುವಷ್ಟರಲ್ಲಿ ಮುಂದಿನ ಬಸ್ಸುಗಳು ಮುಗಿದಿದ್ದವು. ಮರುದಿನ ಮೊದಲ ಬಸ್ಸಿಗೆ ದಾವಣಗೆರೆ, ಅಲ್ಲಿಂದ ಜಗಳೂರು. ಆ ದಾರಿಯಲ್ಲಿ ಏನೇನು ನೋಡಿದೆ ಎಂದು ಬರೆಯಬಹುದಿತ್ತು. ಬೇರೆ ದಿನಗಳಲ್ಲಿ ನೋಡಿದ್ದನ್ನು ತಂದು ತುಂಬಿದ ಹಾಗಾಗುತ್ತದೆ. ಆ ದಿನದ್ದೆಂದು ಖಾತ್ರಿಯಾಗಿ ಹೇಳಬಲ್ಲದ್ದು ಒಂದೇ. ಮುಂದಿನ ಸೀಟಿನಲ್ಲಿ ಕೂತವನೊಬ್ಬ ತನ್ನ ಕೈಬೆರಳುಗಳನ್ನು ಒಂದೊಂದಾಗಿ ಲಟಿಕೆ ಮುರಿಯುತ್ತಿದ್ದ. ನಾನು ಎದ್ದು ಹಿಂದಿನ ಸೀಟಿಗೆ ಹೋದೆ.

ಬಸ್ಸಿಳಿದು ಹಳ್ಳಿಗೆ ಒಂದೂವರೆ ಮೈಲಿ ನಡಿಗೆ. ಎರಡೂ ಕಡೆ ಜೋಳದ ಹೊಲ, ಮರಗಳು ಕಡಿಮೆ. ಬಾವಿಯೊಳಗೆ ಕೂತ ಪಂಪಿನ ಸದ್ದು ಬಹಳ ದೂರಕ್ಕೆ ಕೇಳುತ್ತದೆ. ಅದು ನಡೆಯುತ್ತಿತ್ತು. ನಡೆಯುತ್ತಿರುವವರೆಗೆ ಅವನು ಅದಕ್ಕೆ ಕೈ ಹಾಕುವುದಿಲ್ಲ. ಆ ಸದ್ದನ್ನು ಹಿಡಿದುಕೊಂಡೇ ನಡೆದೆ.

ಸದ್ದು ನಿಂತಿತು.

ಎಣಿಸಲು ಶುರುಮಾಡಿದೆ. ಓಡುತ್ತಾ ಎಣಿಸಿದೆ. ಕೈಚೀಲದಲ್ಲಿದ್ದ ಎರಡು ಡಬ್ಬಿಗಳು ಮೊಣಕಾಲಿಗೆ ಬಡಿಯುತ್ತಿದ್ದವು. ಅರವತ್ತರ ಹತ್ತಿರ ಚೀಲವನ್ನು ಬದುವಿನ ಮೇಲೆ ಬಿಟ್ಟೆ. ನೂರಾ ಇಪ್ಪತ್ತಕ್ಕೆ ಬಾವಿಯ ಕಟ್ಟೆ ಕಂಡಿತು. ನೂರಾ ಎಪ್ಪತ್ತೋ ಎಂಬತ್ತೋ ಆಗುವ ಹೊತ್ತಿಗೆ ಎಣಿಕೆ ತಪ್ಪಿತು.

ಇಲ್ಲಿಂದ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಮೊದಲು ಬಾವಿಗೆ ಬಗ್ಗಿ ನೋಡುತ್ತೇನೆ: ಅವನು ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಗಳನ್ನು ಶಾಫ್ಟಿನ ಸುತ್ತ ಇಟ್ಟುಕೊಂಡಿದ್ದಾನೆ, ಹೆಗಲ ಟವೆಲ್ಲಿನ ಒಂದು ತುದಿ ಮೋಟರಿನ ಮೇಲೆ ಬಿದ್ದಿದೆ. ಇನ್ನೊಂದರಲ್ಲಿ ಬಾವಿಯ ಕಡೆ ನೋಡದೆ ನೇರವಾಗಿ ಶೆಡ್ಡಿಗೆ ನುಗ್ಗುತ್ತೇನೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಶೆಡ್ಡಿನ ಒಳಗಿನದು ಮಾತ್ರ ಒಂದೇ ಇದೆ. ಗೋಡೆಯ ಮೇಲೆ ನನ್ನ ಡಬ್ಬಿ ಕಾಣಲಿಲ್ಲ. ಅದರ ಮೇಲೆ ಗೋಣಿಚೀಲ ಹೊದಿಸಿ, ಸುತ್ತ ಹಗ್ಗ ಬಿಗಿದು ಕಟ್ಟಿದ್ದರು. ಕೆಂಪು ಗುಂಡಿ ಅದರ ಅಡಿಯಲ್ಲೆಲ್ಲೋ ಇತ್ತು. ಮೇನ್ ಸ್ವಿಚ್ಚಿನ ಹಿಡಿ ಮುರಿದು ಎಷ್ಟೋ ವರ್ಷಗಳಾಗಿದ್ದವು. ಕೈಗೆ ಸಿಕ್ಕಿದ್ದು ಮೂರು ಪಿಂಗಾಣಿ ಫ್ಯೂಸುಗಳು. ಒಂದೊಂದಾಗಿ ಕಿತ್ತೆ. ಮೂರನೆಯದು ಬಿಗಿಯಾಗಿತ್ತು, ಎರಡು ಸಲ ಜಗ್ಗಿದೆ. ಅದು ಕೈಗೆ ಬಂದ ಹೊತ್ತಿಗೆ, ಫ್ಯೂಸು ಕಿತ್ತರೂ ಉರಿಯುವ ಹಾಗೆ ಅದಕ್ಕಿಂತ ಮೊದಲೇ ಲೈನಿಗೆ ಜೋಡಿಸಿದ್ದ ಗೋಡೆಯ ಬಲ್ಬು ಹತ್ತಿಕೊಂಡಿತು.

ಹಾಗೆಂದು ನನಗೆ ಕಾಣುತ್ತದೆ. ಬಲ್ಬು, ಅದರ ಮೇಲಿನ ಜೇಡರ ಬಲೆ, ಎಲ್ಲವೂ.

ಹೊರಗೆ ಬಂದು ಬಾವಿಗೆ ಬಗ್ಗಿದೆ. "ಕೈ ತೆಗಿ ತಮ್ಮ."

"ಯಾರು? ಅಣ್ಣನಾ?" ಅವನು ತಲೆ ಎತ್ತದೆ ಕೇಳಿದ. "ಬೆಳಿಗ್ಗೆ ನಿನ್ನ ತಂತಿ ಬಂತು. ನಮ್ಮೂರ ಶಾಲೆ ಮೇಷ್ಟ್ರು ಓದಿ ಹೇಳಿದ್ರು."

"ಮೊದಲು ಕೈ ತೆಗಿ."

"ದಾರ ಅರ್ಧ ಸುತ್ತೀನಿ, ತಡಿ. ನೀನು ಹೇಳಿದಂಗೇ ಡಬ್ಬಿ ಯಾರೂ ಮುಟ್ಟಿಲ್ಲ. ಹುಡುಗ್ರು ಮುಟ್ಟಿಗಿಟ್ಟಾರು ಅಂತ ಚೀಲ ಕಟ್ಟೀವಿ. ರಾತ್ರಿ ನಾನು ಆನ್ ಮಾಡಿದ್ದು ಹಂಗೇ ಬಿಟ್ಟೀವಿ, ಆರಿಸಾಕೂ ಹೋಗಿಲ್ಲ."

ಅವನು ದಾರ ಸುತ್ತಿ ಮುಗಿಸಿ, ಸ್ಪಾನರಿನಿಂದ ಬಿಗಿಮಾಡಿ, ನಿಧಾನವಾಗಿ ಮೆಟ್ಟಿಲು ಹತ್ತಿ ಬಂದ. ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವನು ನನ್ನ ಎದುರು ಕೈ ಒರೆಸಿಕೊಂಡ. ಹತ್ತು ಬೆರಳುಗಳನ್ನೂ ನೋಡಿದೆ. ಎಲ್ಲ ವಿಷಯ ಹೇಳಿದೆ. ಅವನು ಕೇಳುತ್ತಾ ಸ್ಪಾನರಿನ ಗ್ರೀಸು ಒರೆಸಿದ.

"ದಿನಾ ನಾನು ಕೆಂಪು ಗುಂಡಿ ಒತ್ತೇ ಇಳಿಯೋದಣ್ಣ," ಎಂದ. "ನಿನ್ನ ನಾದಿನಿ ಬಿಡಂಗಿಲ್ಲ. ಮಿಷನ್ನಿಗೆ ನಂಬಿಕೆ ಇಡಬ್ಯಾಡ್ರಿ ಅಂತಾಳೆ. ಇವತ್ತು ನೀನೇ ಮುಟ್ಟಬ್ಯಾಡ ಅಂದಿದ್ದೆ, ಅದಕ್ಕೇ ಒತ್ತಲಿಲ್ಲ."

ಅವನು ಅದನ್ನು ದೂರಾಗಿ ಹೇಳಲಿಲ್ಲ. ಹಾಗೆ ಹೇಳಿದ್ದರೆ ಚೆನ್ನಾಗಿತ್ತು. ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಹಾಕಿಸಿದ. ನಾದಿನಿ ಬಡಿಸುತ್ತಾ ಅಕ್ಕನ ಆರೋಗ್ಯ ವಿಚಾರಿಸಿದಳು. ಡಬ್ಬಿ ಅಪಾಯ, ಮುಟ್ಟಬೇಡ ಎಂದು ಬರೆದವನು ನಾನು. ಕೆಂಪು ಗುಂಡಿ ಒತ್ತಿ, ಫ್ಯೂಸು ಕೀಳು, ಬಾವಿಗೆ ಇಳಿಯಬೇಡ ಎಂದು ಬರೆಯಬೇಕಿತ್ತು. ವಿವರಣೆ ಸಾಲದಾಗಿತ್ತು. ಊಟದ ನಂತರ ಶೆಡ್ಡಿಗೆ ಹೋದಾಗ ಬಲ್ಬು ಆರಿತ್ತು. ಡಬ್ಬಿ ಬಿಚ್ಚಿ, ಹಳೆಯ ಸ್ಟಾರ್ಟರು ಜೋಡಿಸಿ, ಕೊನೆಯ ಬಸ್ಸಿಗೆ ಹೊರಟೆ. ದಾವಣಗೆರೆಯ ನಿಲ್ದಾಣದಲ್ಲಿ ಚಿಲ್ಲರೆಗೆಂದು ಜೇಬಿಗೆ ಕೈ ಹಾಕಿದರೆ ಮೂರು ಪಿಂಗಾಣಿ ಫ್ಯೂಸುಗಳು ಸಿಕ್ಕವು. ಅವನ್ನು ವಾಪಸು ಹಾಕುವುದನ್ನೇ ಮರೆತಿದ್ದೆ.

ಎಂಟು ದಿನವಾದ ಮೇಲೆ ಷಡ್ಡಕ ಚನ್ನಗಿರಿಗೆ ಬಂದ. ನನ್ನ ಹೆಂಡತಿ ಅವನನ್ನು ಕಂಡು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಅವನು ಅಂಗೈ ಚಾಚಿದ.

"ನನ್ನ ಫ್ಯೂಸು ಕೊಡಣ್ಣ. ಪಕ್ಕದ ಬಾವಿಯೋರತ್ರ ಇಸ್ಕೊಂಡು ನಡೆಸಿದ್ದು ಸಾಕಾತು. ಕಳ್ಳರೂ ಹಿಂಗೆ ಕಿತ್ಕೊಂಡು ಹೋಗಂಗಿಲ್ಲ."

ಕೊಟ್ಟೆ. ಆಮೇಲೆ, ಎಂಟು ದಿನದಿಂದ ತಲೆಯಲ್ಲಿದ್ದದ್ದನ್ನು ಕೇಳಿದೆ. "ಅವತ್ತು ನೀನು ಕೆಳಗಿದ್ದಾಗ ಕರೆಂಟು ಬಂತಾ?"

"ಸಂಜೆಗೆ ಬಂತು ಅಂತ ಕಾಣತೈತೆ."

"ಅಲ್ಲ, ನಾನು ಶೆಡ್ಡಿನಾಗೆ ಇದ್ದಾಗ. ಬಲ್ಬು ಹತ್ತಿದಂಗಾತು."

ಅವನು ನಕ್ಕ. "ನಾನು ಬಾವಿಯಾಗಿದ್ದೆ, ಫ್ಯೂಸು ನಿನ್ನ ಜೇಬಿನಾಗಿದ್ದವು. ಕರೆಂಟು ಬಂತೋ ಬಿಡ್ತೋ ನನಗೆ ಹೆಂಗೆ ಗೊತ್ತಾಗಬೇಕಣ್ಣ?"

ಹೊರಡುವಾಗ ಡಬ್ಬಿ ಯಾವಾಗ ಕೊಡ್ತೀಯ ಎಂದು ಕೇಳಿದ. ಇಲ್ಲ ಎಂದೆ. "ಹಂಗಾದ್ರೆ ಕಡ್ಡಿನೇ ಗತಿ," ಎಂದು ಫ್ಯೂಸುಗಳನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡ.

ಸರಿಪಡಿಸುವುದು ಸುಲಭವಿತ್ತು. ಕಂಡೆನ್ಸರಿಗೆ ಅಡ್ಡಲಾಗಿ ಒಂದು ಪುಟ್ಟ ರೆಸಿಸ್ಟರು ಹಾಕಿದರೆ ಒಂದೆರಡು ಎಣಿಸುವಷ್ಟರಲ್ಲಿ ಖಾಲಿಯಾಗುತ್ತದೆ. ಹಾಕಿ ನೋಡಿದೆ, ಆಯಿತು. ಅದನ್ನೇ ಬರೆದು ಕಳಿಸಿ, ಪೇಟೆಂಟು ಸಿಕ್ಕೀತು ಎಂದರು ನನ್ನ ಇಂಗ್ಲಿಷು ತಿದ್ದಿದ್ದ ಮೇಷ್ಟ್ರು. ಕಾಲಾವಕಾಶ ಬೇಕಾದಷ್ಟಿತ್ತು. ನಾನು ಉತ್ತರ ಬರೆಯಲು ಕೂತೆ. ಮೊದಲ ಮೂರು ಆಕ್ಷೇಪಣೆಗಳಿಗೆ ಉತ್ತರ ಒಂದೇ ಸಂಜೆಯಲ್ಲಿ ಮುಗಿಯಿತು. ನಾಲ್ಕನೆಯದರ ಹತ್ತಿರ ಬಂದಾಗಲೆಲ್ಲ ಒಂದು ಯೋಚನೆ ಅಡ್ಡ ಬರುತ್ತಿತ್ತು: ನನಗೆ ಹೊಳೆಯದೆ ಉಳಿದದ್ದು ಪರೀಕ್ಷಕರಿಗೆ ಹೊಳೆಯಿತು. ಅವರಿಗೂ ಹೊಳೆಯದ ಐದನೆಯದೊಂದು ಆ ನಕ್ಷೆಯಲ್ಲಿ ಎಲ್ಲಿ ಕೂತಿದೆ? ಎಷ್ಟು ಎಣಿಸಿದರೆ ಅದು ಹೊರಬರುತ್ತದೆ?

ಆ ಕರಡು ಕಾಗದವೂ ಫೈಲಿನಲ್ಲಿದೆ. ನಾಲ್ಕನೆಯದರ ಕೆಳಗೆ, ಒಂದು ಸಂದರ್ಭದಲ್ಲಿ ಕರೆಂಟು ಐದು ನಿಮಿಷದೊಳಗೆ ಮರಳಿದ್ದನ್ನು ಅರ್ಜಿದಾರನು ಕಣ್ಣಾರೆ ಕಂಡಿದ್ದಾನೆ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ, ಮರಳಿರಬಹುದು ಎಂದು ಬರೆದು ಅದನ್ನೂ ಹೊಡೆದಿದ್ದೇನೆ. ಅದರ ಮುಂದೆ ಖಾಲಿ.

ಉತ್ತರ ಕಳಿಸಲಿಲ್ಲ. ಅವಧಿ ಮುಗಿದ ದಿನ ನಾನು ಜಗಳೂರಿನ ಆ ತಗಡಿನ ಶೆಡ್ಡಿನಲ್ಲಿದ್ದೆ. ಸ್ಟಾರ್ಟರಿನಲ್ಲಿ ಕಡ್ಡಿ ಇತ್ತು. ಅದನ್ನು ಕಿತ್ತು ಬಾಯಲ್ಲಿ ಕಚ್ಚಿಕೊಂಡು, ಮೇನ್ ಸ್ವಿಚ್ಚಿಗೆ ಹೊಸ ಹಿಡಿ ಕೂರಿಸುತ್ತಿದ್ದೆ.